ಯೆಲ್ಲೋಸ್ಟೋನಿಗೆ ಐದು ಟಿಕೆಟ್

"ಮೈಲೇಜ್ ಎಷ್ಟು ಕೊಡುತ್ತೆ?"

ಬಾಡಿಗೆಗೆ ತಂದ, ಒಳಗೇ ಅಡುಗೆಮನೆ ಕಕ್ಕಸು ಎಲ್ಲ ಇರುವ ಆರ್‌ವಿಗೆ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಜೋಡಿ ಟೈರಿಗೆ ಕಾಲಿಂದ ಒಂದೇಟು ಕೊಟ್ಟು, ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಅಪ್ಪ ಚಿಕ್ಕಮಗಳೂರು ಡಿಪೋದಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಬಸ್ಸಿನಲ್ಲೇ ಅವರ ಅರ್ಧ ಆಯುಸ್ಸು ಕಳೆದಿದೆ. ಅವರ ಹತ್ತಿರ ಗಾಡಿ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳೋದು ಕಷ್ಟ.

"ಲೀಟರಿಗೆ ನಾಲ್ಕು" ಅಂದೆ, ಮೆಲ್ಲಗೆ.

"ನಮ್ಮ ಬಸ್ಸು ಐದು ಕೊಡ್ತಿತ್ತು. ಐವತ್ತು ಜನ ಕೂತಿರ್ತಿದ್ರು, ನಿಂತವರ ಲೆಕ್ಕ ಬೇರೆ. ಇದರಲ್ಲಿ ಎಷ್ಟು ಜನ?"

"ಐದು."

ಅಪ್ಪ ಮುಂದೆ ಏನೂ ಹೇಳಲಿಲ್ಲ. ಬೈದಿದ್ದರೂ ವಾಸಿ ಇತ್ತು. ಯಾಕೆಂದರೆ ನಾವು ಹೊರಟಿದ್ದು ಪರಿಸರಸ್ನೇಹಿ ಪ್ರವಾಸಕ್ಕೆ.

ಇದು 2023ರ ಜೂನ್ ಮಾತು. ಅಪ್ಪ ಅಮ್ಮ ನಮ್ಮ ಜೊತೆ ಅಮೆರಿಕದ ಡೆನ್ವರ್‌ನಲ್ಲಿ ಇರೋಕೆ ಬಂದಿದ್ದರು. ವಿಮಾನ, ಹೋಟೆಲು, ಪ್ಲಾಸ್ಟಿಕ್ಕು ಯಾವುದೂ ಬೇಡ, ಆರ್‌ವಿಯಲ್ಲಿ ಯೆಲ್ಲೋಸ್ಟೋನಿಗೆ ಹೋಗಿ ಕಾಡಿನಲ್ಲಿ ಇದ್ದು ಬರೋಣ ಅಂತ ನನ್ನ ಹೆಂಡತಿ ಮೂರು ತಿಂಗಳಿಂದ ತಯಾರಿ ನಡೆಸಿದ್ದಳು. ಬಿದಿರಿನ ಬ್ರಶ್ಶು ಬಂತು. ಬಟ್ಟೆಯ ನ್ಯಾಪ್ಕಿನ್ ಬಂತು. ಮಡಚಿ ಇಡುವ ನೂರು ವ್ಯಾಟಿನ ಸೋಲಾರ್ ಪ್ಯಾನೆಲ್ ಬಂತು. ಒಂದು ದಿನ ದೊಡ್ಡ ಡಬ್ಬಿಯಲ್ಲಿ ತಟ್ಟೆಗಳು ಬಂದವು. ಅಮ್ಮ ಒಂದನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದಳು.

"ಇದು ಅಡಿಕೆ ಹಾಳೆ ಅಲ್ವೇನೋ? ಇದಕ್ಕೆ ಡಾಲರ್ ಕೊಟ್ರಾ? ನಮ್ಮ ತೋಟದಲ್ಲಿ ಕಾಲಿಗೆ ಸಿಕ್ತಾ ಬಿದ್ದಿರುತ್ತಲ್ಲ ಮಾರಾಯ!"

ಹತ್ತು ವರ್ಷದ ಮಗಳು ಗ್ರೀನ್ ಪೊಲೀಸ್. ಯಾರು ನಲ್ಲಿ ಜಾಸ್ತಿ ಬಿಟ್ಟರು, ಯಾರು ಲೈಟ್ ಆರಿಸಲಿಲ್ಲ ಅಂತ ಬರೆದಿಡೋಕೆ ಅವಳ ಹತ್ತಿರ ಒಂದು ನೋಟ್‌ಬುಕ್ಕು, ಒಂದು ಹಸಿರು ಪೆನ್ನು. ಅದನ್ನು ನೋಡಿ ಅಪ್ಪನಿಗೂ ಹುಮ್ಮಸ್ಸು ಬಂದು ತಮ್ಮದೊಂದು ಡೈರಿ ತೆಗೆದರು. "ಇದು ವೇಬಿಲ್" ಅಂದರು. ಹೊರಡುವ ಸಮಯ, ಕಿಲೋಮೀಟರು, ಜನ ಎಲ್ಲ ಬರೆದುಕೊಂಡರು. ಆಮೇಲೆ ಜೇಬಿನಿಂದ ವಿಷಲ್ ತೆಗೆದರು. ಹೌದು, ಅದೇ ಸರ್ವಿಸಿನ ವಿಷಲ್ಲು. ಚಿಕ್ಕಮಗಳೂರಿಂದ ಅಮೆರಿಕದವರೆಗೆ ಅದನ್ನು ಯಾಕೆ ತಂದರು ಅಂತ ನಾನು ಕೇಳಲಿಲ್ಲ.

"ರೈಟ್!"

ಆರ್‌ವಿ ಅಂದರೆ ಓಡುವ ಮನೆ ಅಂತಾರೆ. ನಿಂತಾಗ ಅದು ಮನೆ, ನಿಜ. ಓಡುವಾಗ ಮಾತ್ರ ಪಾತ್ರೆ ಅಂಗಡಿಗೆ ಚಕ್ರ ಕಟ್ಟಿದ ಹಾಗೆ. ಹೊರಡುವ ಮುಂಚೆ ಪ್ರತಿ ಕಪಾಟು, ಪ್ರತಿ ಡ್ರಾಯರ್ ಚಿಲಕ ಹಾಕಬೇಕು. ಫ್ರಿಜ್ಜಿಗೂ ಒಂದು ಚಿಲಕ ಇದೆ. ಆ ಕೆಲಸ ನನ್ನದಾಗಿತ್ತು. ಶೆಯೆನ್ ಊರಿನ ಹತ್ತಿರ ಐ-80 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ತಿರುಗಿದರೆ ವಯೋಮಿಂಗ್‌ನ ಬೋಳು ಬಯಲು, ಎಲ್ಲೂ ಅಡ್ಡ ಇಲ್ಲದ ಗಾಳಿ. ಎತ್ತರದ ಹಗುರ ಗಾಡಿಗಳು ಹುಷಾರು ಅಂತ ರಸ್ತೆ ಮೇಲೆಯೇ ಬೋರ್ಡು. ಒಂದು ಸಲ ಗಾಳಿ ಪಕ್ಕಕ್ಕೆ ತಳ್ಳಿತು, ನಾನು ಸ್ಟೇರಿಂಗ್ ಎಳೆದೆ, ಹಿಂದೆ ಧಡ್ ಅಂತ ಸದ್ದು.

"ಹೋಲ್ಡಾನ್!" ಅಂತ ಅಪ್ಪ ಕೂಗಿದರು.

ಅಮ್ಮ ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಮೊಸರು. ಎರಡು ಲೀಟರು, ಗಟ್ಟಿ, ಕೆನೆ ಕಟ್ಟಿದ್ದು. ಅದು ಫ್ರಿಜ್ಜಿನ ಬಾಗಿಲಿಂದ ಶುರುವಾಗಿ ಡ್ರೈವರ್ ಸೀಟಿನ ಕೆಳಗಿನವರೆಗೆ ಬಂದಿತ್ತು. ಒರೆಸೋಕೆ ಟಿಶ್ಯೂ ಇಲ್ಲ, ಪರಿಸರ ನೋಡಿ. ಬಟ್ಟೆ ನ್ಯಾಪ್ಕಿನ್ ಎಲ್ಲ ಖರ್ಚಾದವು. ಅವನ್ನು ತೊಳೆಯೋಕೆ ನೀರು ಬೇಕು. ಗಾಡಿಯ ಟ್ಯಾಂಕಿನಲ್ಲಿದ್ದದ್ದೇ ನೂರೈವತ್ತು ಲೀಟರು. ಇಪ್ಪತ್ತು ಲೀಟರು ಮೊಸರಿಗೇ ಹೋಯಿತು ಅಂತ ಮಗಳು ಬರೆದುಕೊಂಡಳು. ಹೆಸರಿನ ಜಾಗದಲ್ಲಿ ನನ್ನ ಹೆಸರು.

ರಾತ್ರಿ ಡುಬಾಯ್ಸ್ ಅನ್ನೋ ಸಣ್ಣ ಊರಿನ ಕ್ಯಾಂಪಿನಲ್ಲಿ ನಿಲ್ಲಿಸಬೇಕಿತ್ತು. ನಮಗೆ ಸಿಕ್ಕ ಜಾಗಕ್ಕೆ ರಿವರ್ಸಿನಲ್ಲೇ ಹೋಗಬೇಕು. ಕತ್ತಲು ಬೇರೆ. ಎರಡೂ ಕಡೆ ನಮ್ಮದಕ್ಕಿಂತ ದೊಡ್ಡ, ನಮ್ಮದಕ್ಕಿಂತ ಹೊಳೆಯುವ ಗಾಡಿಗಳು. ನಾನು ಕ್ಯಾಮೆರಾ ನೋಡಿಕೊಂಡು ಮೂರು ಸಲ ಹಿಂದೆ ಮುಂದೆ ಮಾಡಿದೆ. ನಾಲ್ಕನೇ ಸಲಕ್ಕೆ ಅಪ್ಪ ಕೆಳಗಿಳಿದರು.

ಇಂಥ ದೃಶ್ಯ ಆ ಊರು ಅಲ್ಲಿಯವರೆಗೆ ಕಂಡಿರಲಾರದು. ಮಂಕಿ ಕ್ಯಾಪು, ಸ್ವೆಟರು, ಪಂಚೆ. ಬಾಯಲ್ಲಿ ವಿಷಲ್ಲು. ಅಂಗೈಯಿಂದ ಗಾಡಿಯ ಹಿಂಬದಿಗೆ ಪಟಪಟ ತಟ್ಟುತ್ತಾ, "ಬರ್ಲಿ, ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡು, ಬರ್ಲಿ... ಹೋಲ್ಡಾನ್!" ಎರಡು ನಿಮಿಷ. ಒಂದೇ ಸಲಕ್ಕೆ ಒಳಗೆ. ಅಕ್ಕಪಕ್ಕದವರು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೇಲೆ ಬಂದ ಇನ್ನೆರಡು ಗಾಡಿಯವರೂ ಅಪ್ಪನನ್ನೇ ಕರೆದರು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಅವರ ಇಂಗ್ಲಿಷು ಹಿಡಿಯದು. 'ಹೋಲ್ಡಾನ್' ಮಾತ್ರ ಇಬ್ಬರಿಗೂ ಅರ್ಥವಾಯಿತು.

ಆ ಚಪ್ಪಾಳೆಯ ಗೌರವ ಅರ್ಧ ಗಂಟೆ ಉಳಿಯಿತು. ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಚಾವಣಿಯ ಅಲಾರಂ ಬೊಬ್ಬೆ ಹೊಡೆಯೋಕೆ ಶುರು ಮಾಡಿತು. ಐದು ಜನ ಐದು ಅಡಿಕೆ ತಟ್ಟೆ ಹಿಡಿದು ಚಾವಣಿಗೆ ಗಾಳಿ ಹಾಕಿದೆವು. ಆ ತಟ್ಟೆಗಳು ಕೊಟ್ಟ ಡಾಲರ್ ವಸೂಲಾಗಿದ್ದು ಆಗಲೇ.

ಮಾರನೇ ಬೆಳಿಗ್ಗೆಯ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಊಟ ಮಾಡುತ್ತಾ ಓದುವವರು ಎರಡು ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ.

ಆರ್‌ವಿ ಕೆಳಗೆ ಕೊಳೆನೀರಿಗೆ ಎರಡು ಟ್ಯಾಂಕು ಇರುತ್ತವೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಡಂಪ್ ಸ್ಟೇಷನ್ನಿಗೆ ಹೋಗಿ, ದಪ್ಪ ಸುರುಳಿ ಪೈಪನ್ನು ಗಾಡಿಗೂ ನೆಲದ ತೂತಿಗೂ ಜೋಡಿಸಿ, ನಾವೇ ಖಾಲಿ ಮಾಡಬೇಕು. ಮೊದಲು ಬ್ಲ್ಯಾಕು, ಆಮೇಲೆ ಗ್ರೇ. ಹಾಗಾದರೆ ಸೋಪಿನ ನೀರು ಹಿಂದಿನಿಂದ ಬಂದು ಪೈಪು ತೊಳೆಯುತ್ತದೆ. ಬಾಡಿಗೆ ಕೊಟ್ಟವನು ಇದನ್ನು ಎರಡು ಸಲ ಹೇಳಿದ್ದ. ನನಗೆ ಯಾಕೋ ಸುಲಭದ್ದು ಮೊದಲು ಮುಗಿಸೋಣ ಅನ್ನಿಸಿತು. ಪರೀಕ್ಷೆಯಲ್ಲೂ ನಾನು ಹಾಗೇ ಮಾಡ್ತಿದ್ದೆ. ಗ್ರೇ ಎಳೆದೆ, ಝುಳುಝುಳು ಹೋಯಿತು. ಬ್ಲ್ಯಾಕ್ ಎಳೆದೆ. ಹೋಯಿತು, ಆದರೆ ಝುಳುಝುಳು ಅಲ್ಲ. ಎರಡೂ ಮುಚ್ಚಿ ಪೈಪು ಬಿಚ್ಚುವ ಹೊತ್ತು. ಗಾಡಿ ಕಡೆಯ ತುದಿ ಬಿಚ್ಚಿ ಅದನ್ನೇ ಎತ್ತಿ ಹಿಡಿದರೆ ಉಳಿದದ್ದೆಲ್ಲ ತೂತಿಗೆ ಇಳಿಯುತ್ತದೆ. ನಾನು ಎರಡೂ ತುದಿ ಬಿಚ್ಚಿಕೊಂಡು, ತೂತಿನ ಕಡೆಯ ತುದಿಯನ್ನು ಎತ್ತಿದೆ. ನೀರು ಇಳಿಜಾರಿಗೆ ಹರಿಯುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೆ. ಆವತ್ತು ಇಳಿಜಾರಿನ ಕೊನೆಯಲ್ಲಿ ನನ್ನ ಶೂ ಇತ್ತು.

ಅಪ್ಪ ಹತ್ತು ಅಡಿ ದೂರದಲ್ಲಿ ಕೈಕಟ್ಟಿ ನಿಂತಿದ್ದರು. "ಊರಲ್ಲಿ ಮಗ ಸಿಸ್ಟಮ್ ಆರ್ಕಿಟೆಕ್ಟು ಅಂತ ಹೇಳ್ಕೊಂಡು ತಿರುಗ್ತಾ ಇದೀನಿ" ಅಂದರು. ನನಗಲ್ಲ, ಆಕಾಶಕ್ಕೆ.

ಅಮ್ಮನ ಸಮಸ್ಯೆ ಬೇರೆ. "ಅದು ಒಲೆ ಕೆಳಗೇ ಇರೋದಾ? ಅಷ್ಟು ಹೊತ್ತೂ ಅದರ ಮೇಲೆ ನಿಂತು ಅನ್ನ ಮಾಡಿದ್ನಾ?" ಅವಳನ್ನು ಸಮಾಧಾನ ಮಾಡೋಕೆ ಟೀಟನ್ ಪರ್ವತಗಳೇ ಬೇಕಾದವು. ಟೀಟನ್ ಚೆನ್ನಾಗಿದೆ. ಫೋಟೋದಲ್ಲಿ ಇರೋ ಹಾಗೇ ಇದೆ.

ಶೂ ಕಸದ ಡಬ್ಬಿಗೆ ಹೋದ ಮೇಲೆ ನಾನೊಂದು ಕಾನೂನು ತಂದೆ. ಇನ್ನು ಮುಂದೆ ಗಾಡಿಯ ಕಕ್ಕಸು ಯಾರೂ ಬಳಸಕೂಡದು. ಕ್ಯಾಂಪಿನಲ್ಲಿ ಇರೋದಕ್ಕೇ ಹೋಗಬೇಕು. ಪರಿಸರದ ದೃಷ್ಟಿಯಿಂದ ಅಂತ ಹೇಳಿದೆ. ಯಾರೂ ನಂಬಲಿಲ್ಲ.

ಯೆಲ್ಲೋಸ್ಟೋನ್ 1872ರಲ್ಲಿ ಆದದ್ದು, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅನ್ನುತ್ತಾರೆ. ಅಲ್ಲಿಯ ಮ್ಯಾಡಿಸನ್ ಕ್ಯಾಂಪಿನಲ್ಲಿ ಮೂರು ರಾತ್ರಿ ನಮ್ಮ ಠಿಕಾಣಿ. ಸೈಟಿನಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಇಲ್ಲಿಗೆ ಬಂದ ಮೇಲೆ ಹೆಂಡತಿಯ ಮುಖ ಅರಳಿತು. ಸೋಲಾರ್ ಪ್ಯಾನೆಲ್ ಬಿಚ್ಚಿದಳು. ಸುತ್ತ ಎತ್ತರದ ಪೈನ್ ಮರಗಳು. ನೆರಳು ಸರಿದ ಹಾಗೆಲ್ಲ ಪ್ಯಾನೆಲ್ ಎತ್ತಿಕೊಂಡು ಬಿಸಿಲು ಹುಡುಕುತ್ತಾ ತಿರುಗಿದೆವು, ಹಪ್ಪಳ ಒಣಗಿಸುವವರ ಹಾಗೆ. ಸಂಜೆಗೆ ಮಗಳ ಟ್ಯಾಬು, ಒಂದು ಟಾರ್ಚು ಚಾರ್ಜ್ ಆದವು. ಅಮ್ಮ ತಂದಿದ್ದ ಮಿಕ್ಸಿ 750 ವ್ಯಾಟಿನದು. ಅಂಥ ಪ್ಯಾನೆಲ್ ಏಳೂವರೆ ಬೇಕು ಅಂತ ಅಪ್ಪ ಡೈರಿಯಲ್ಲಿ ಲೆಕ್ಕ ಹಾಕಿದರು. ಮಿಕ್ಸಿ ತಿರುಗಬೇಕಾದರೆ ಜನರೇಟರ್ ಹಾಕಬೇಕು. ಅಲ್ಲಿ ಜನರೇಟರಿಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಅನುಮತಿ. ಆರೂವರೆಗೇ ದೋಸೆ ತಯಾರು, ಚಟ್ನಿ ಎಂಟಕ್ಕೆ.

"ಒರಳು ತಂದಿದ್ರೆ ಆಗ್ತಿತ್ತು" ಅಂದಳು ಅಮ್ಮ. ವಿಮಾನದಲ್ಲಿ ಒಂದು ಪೆಟ್ಟಿಗೆಗೆ 23 ಕೆಜಿ ಅಂತ ನಾನು ನೆನಪಿಸಿದೆ.

ಅಮ್ಮ ತರಕಾರಿ ಸಿಪ್ಪೆ ಮರದ ಬುಡಕ್ಕೆ ಹಾಕೋಕೆ ಹೋದಳು. ಮಗಳು ಓಡಿ ಬಂದು ತಡೆದಳು. "ಅಜ್ಜಿ, ಕರಡಿ ಬರುತ್ತೆ! ಫೈನ್ ಹಾಕ್ತಾರೆ!" ಅಕ್ಕಿ ತೊಳೆದ ನೀರು ಗಿಡಕ್ಕೆ ಚೆಲ್ಲಹೋದಳು. ಅದೂ ತಪ್ಪು. ವಾಸನೆ ಹಿಡಿದು ಬರುವ ಕರಡಿಗೆ ಮನುಷ್ಯರ ಊಟದ ರುಚಿ ಹತ್ತಿದರೆ ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದಂತೆ. ಅಮ್ಮ ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. "ಗಿಡಕ್ಕೆ ನೀರು ಹಾಕಿದ್ರೂ ತಪ್ಪು ಅಂದ್ರೆ ಇದೆಂಥಾ ಪರಿಸರ ಮಾರಾಯ್ತಿ?" ಆಮೇಲೆ ಬಗ್ಗಿ ಮೂರು ಸಿಪ್ಪೆ ತಾನೇ ಹೆಕ್ಕಿದಳು.

ಸ್ನಾನದಲ್ಲಿ ಮಾತ್ರ ಅವಳನ್ನು ಮೀರಿಸಿದವರಿಲ್ಲ. ನಾವು ಮೈ ನೆನೆಸು, ನಲ್ಲಿ ಮುಚ್ಚು, ಸೋಪು ಹಚ್ಚು, ನಲ್ಲಿ ಬಿಡು ಅಂತ ಒದ್ದಾಡಿಯೂ ತಲಾ ಹದಿನೈದು ಲೀಟರು ಮುಗಿಸುತ್ತಿದ್ದೆವು. ಅಮ್ಮ ಒಂದು ಸಣ್ಣ ಬಕೆಟ್ಟು, ಒಂದು ಚೊಂಬು ಹಿಡಿದು ಎಂಟು ಲೀಟರಿನಲ್ಲಿ ಹೊರಗೆ ಬರುತ್ತಿದ್ದಳು. ಮಗಳು ನೋಟ್‌ಬುಕ್ಕಿನಲ್ಲಿ ಸ್ಟಾರ್ ಕೊಟ್ಟಳು. ಹೆಂಡತಿ ಭಾವುಕಳಾಗಿ, "ನೋಡಿ ಅತ್ತೆ, ನಿಮ್ಮ ಕಾಲದವರು ನೀರನ್ನ ಎಷ್ಟು ಗೌರವದಿಂದ ಉಳಿಸ್ತಿದ್ರಿ" ಅಂದಳು.

"ನೀರು ಉಳಿಸಿದ್ದಲ್ಲಮ್ಮ, ತೋಳು ಉಳಿಸಿದ್ದು" ಅಂದಳು ಅಮ್ಮ. "ಬಾವಿಯಿಂದ ಸೇದಬೇಕಿತ್ತು. ನಲ್ಲಿ ಇದ್ದಿದ್ರೆ ನಾನೂ ಅರ್ಧ ಗಂಟೆ ಅದರ ಕೆಳಗೇ ನಿಂತಿರ್ತಿದ್ದೆ."

ಎರಡನೇ ಬೆಳಿಗ್ಗೆ ಆರು ಗಂಟೆ. ಜೂನ್ ಆದರೂ ಕೈ ಮರಗಟ್ಟುವ ಚಳಿ. ನನ್ನದೇ ಕಾನೂನಿಗೆ ತಲೆಬಾಗಿ, ಬಿದಿರಿನ ಬ್ರಶ್ಶು ಹಿಡಿದು ಕ್ಯಾಂಪಿನ ಕಕ್ಕಸಿಗೆ ಹೋದೆ. ಮುಗಿಸಿ ಬಾಗಿಲು ತೆಗೆದರೆ ಎದುರಿಗೆ ಕಂದು ಬಣ್ಣದ ಗೋಡೆ. ಗೋಡೆ ಉಸಿರಾಡುತ್ತಿತ್ತು.

ಬೈಸನ್. ನಮ್ಮ ಕಡೆಯ ಕಾಟಿ, ಅಂದರೆ ಕಾಡುಕೋಣ, ಅದರಂಥದ್ದು. ಗಂಡು ಒಂಬೈನೂರು ಕೆಜಿವರೆಗೂ ತೂಗುತ್ತದೆ, ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ಏರಿನಲ್ಲಿ ನಮ್ಮ ಆರ್‌ವಿಗಿಂತ ಜೋರು. ಹೆಗಲ ಮೇಲೆ ಹಳೇ ಕಂಬಳಿ ಹರಿದು ಜೋತಾಡುವ ಹಾಗೆ ಚಳಿಗಾಲದ ಕೂದಲು ಉದುರುತ್ತಿತ್ತು. ಹುಲ್ಲು ಕೀಳುವ ಕರಕರ ಸದ್ದು. ಮೂಗಿನಿಂದ ಹಬೆ. ಅದರಿಂದ 25 ಗಜ ದೂರ ಇರಬೇಕು ಅಂತ ಪಾರ್ಕಿನ ನಿಯಮ. ಕಕ್ಕಸಿನ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎಂಟು ಗಜ ಆಗುತ್ತಿರಲಿಲ್ಲ. ಬಾಗಿಲು ಮುಚ್ಚಿದೆ. ಒಳಗೆ ಇನ್ನೊಬ್ಬ ಮುದುಕರು ಗಡ್ಡ ಹೆರೆಯುತ್ತಿದ್ದರು. ವಿಷಯ ಹೇಳಿದೆ. ಅವರು ಕಿಟಕಿಯಿಂದ ಇಣುಕಿ ನೋಡಿ, ಮತ್ತೆ ಸೋಪು ಹಚ್ಚಿಕೊಂಡರು.

ನಲವತ್ತು ನಿಮಿಷ. ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಹಿಡಿದು ಗಾಡಿಯ ಬಾಗಿಲಿಗೆ ಬಂದದ್ದು ಕಿಟಕಿಯಿಂದ ಕಂಡಿತು. ಬೈಸನ್ ನೋಡಿದರು. ಕಿಟಕಿಯಲ್ಲಿ ನನ್ನ ಮುಖ ನೋಡಿದರು. ಕೈ ಜೇಬಿಗೆ ಹೋಯಿತು, ವಿಷಲ್ ಬಾಯಿಗೆ ಬಂತು. ಹಿಂದಿನಿಂದ ಒಂದು ಬಳೆ ತೊಟ್ಟ ಕೈ ಬಂದು ಅದನ್ನು ಕಿತ್ತುಕೊಂಡಿತು.

"ಅದೇನು ಕೊಟ್ಟಿಗೆಹಾರದ ದನ ಅಂದ್ಕೊಂಡ್ರಾ?" ಅಮ್ಮನ ದನಿ ಕಕ್ಕಸಿನವರೆಗೂ ಕೇಳಿತು. ಬೈಸನ್ನಿಗೂ ಕೇಳಿತು ಅಂತ ಕಾಣುತ್ತದೆ. ತಲೆಯೆತ್ತಿ ಒಮ್ಮೆ ನೋಡಿ, ನಿಧಾನಕ್ಕೆ ಹೊಳೆ ಕಡೆ ನಡೆಯಿತು. ಕಾನೂನು ಆವತ್ತೇ ರದ್ದಾಯಿತು.

ಓಲ್ಡ್ ಫೇಯ್ತ್‌ಫುಲ್ ಬಿಸಿನೀರಿನ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನದು ಎಷ್ಟೊತ್ತಿಗೆ ಅಂತ ಬೋರ್ಡು ಹಾಕಿರುತ್ತಾರೆ, ಹತ್ತು ನಿಮಿಷ ಹಿಂದೆ ಮುಂದೆ. ಅಪ್ಪ ವಾಚು ಹಿಡಿದು ಕೂತರು. ಏಳು ನಿಮಿಷ ಲೇಟಾಗಿ ಬಂತು. ಸುತ್ತ ಸಾವಿರ ಜನ ಚಪ್ಪಾಳೆ ಹೊಡೆದರು.

"ನಾವೂ ಹಿಂಗೇ ಬರ್ತಿದ್ವಿ" ಅಂದರು ಅಪ್ಪ. "ನಮಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ."

ಡೆನ್ವರಿಗೆ ವಾಪಸ್ ಬಂದು ಗಾಡಿ ಒಪ್ಪಿಸಿದ ದಿನ ಅಪ್ಪ ವೇಬಿಲ್ ಮುಗಿಸಿ ಊಟದ ಮೇಜಿನ ಮೇಲಿಟ್ಟರು. ಅವರ ಬರಹದಲ್ಲೇ ಕೊಡುತ್ತೇನೆ.

"ಡೆನ್ವರ್–ಯೆಲ್ಲೋಸ್ಟೋನ್–ಡೆನ್ವರ್. 2,200 ಕಿ.ಮೀ. ಪೆಟ್ರೋಲು 550 ಲೀ. ಫುಲ್ ಟಿಕೆಟ್ 4, ಹಾಫ್ 1. ಖಾಲಿ ಸೀಟು 45. ಕಲೆಕ್ಷನ್ ಇಲ್ಲ. ನಷ್ಟ: ಮೊಸರು ಒಂದು ಪಾತ್ರೆ, ಶೂ ಒಂದು ಜೊತೆ. ತಡ: 40 ನಿಮಿಷ, ಕಾರಣ ಕಾಟಿ."

ಹೆಂಡತಿ ಓದಿ, "ಮಾವ, ಪ್ಲಾಸ್ಟಿಕ್ ಬಾಟಲಿ ಒಂದೂ ತಗೊಂಡಿಲ್ಲ, ಅದನ್ನ ಬರೀಲೇ ಇಲ್ಲ" ಅಂದಳು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನೂ ಸೇರಿಸಿದರು. ಕೆಳಗೆ ಚೆಕಿಂಗ್ ಇನ್‌ಸ್ಪೆಕ್ಟರ್ ಸಹಿಗೆ ಜಾಗ ಬಿಟ್ಟಿದ್ದರು. ಮಗಳು ಹಸಿರು ಪೆನ್ನು ತಂದು, ಹಾಫ್ ಟಿಕೆಟ್ ಅನ್ನೋದನ್ನು ಹೊಡೆದು ಹಾಕಿ ಫುಲ್ ಅಂತ ತಿದ್ದಿ, ಸಹಿ ಮಾಡಿದಳು.