ಆರು ಗಂಟೆಯ ಕಾಯಿಲೆ

ಅಂಗಡಿಯಿಂದ ತಂದ ಕಂಪ್ಯೂಟರ್ ಕೆಟ್ಟರೆ ಬೈಯಲಿಕ್ಕೆ ಒಬ್ಬರಾದರೂ ಸಿಗುತ್ತಾರೆ. ನಾವೇ ಒಂದೊಂದು ಪಾರ್ಟ್ ತಂದು ಜೋಡಿಸಿದ್ದು ಕೆಟ್ಟರೆ ಮನೆಯವರೆಲ್ಲ ನಮ್ಮ ಮುಖ ನೋಡುತ್ತಾರೆ. "ರೆಡಿಮೇಡ್ ತಗೋ ಅಂತ ಅವತ್ತೇ ಹೇಳಿದ್ದೆ" ಎಂದು ಅಪ್ಪ ಬಾಯಿ ಬಿಟ್ಟು ಹೇಳುವುದಿಲ್ಲ. ಅವರು ಪೇಪರ್ ಮಡಚುವ ರೀತಿಯಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆ ಉಡುಪಿಯ ಶಂಕರಪುರದ ಹತ್ತಿರ. ನನ್ನ ಡೆಸ್ಕ್‌ಟಾಪಿಗೆ ಈಗ ಆರು ವರ್ಷ. ಇಷ್ಟು ವರ್ಷ ಅದು ಕೆಟ್ಟದ್ದೆಲ್ಲ ಮಳೆಗಾಲದಲ್ಲಿ. ನಮ್ಮಲ್ಲಿ ಜೂನ್ ಬಂತೆಂದರೆ ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ, ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ, ಹಾಗಿರುವಾಗ ಪಾಪ ಕಂಪ್ಯೂಟರಿನ ಒಳಗಿನ ಮೆಮೊರಿ ಪಟ್ಟಿ, ಆ ರ‍್ಯಾಮ್ ಏನು ಮಾಡೀತು? ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ. ಮದರ್‌ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಲೈಟ್ ಹತ್ತಿಕೊಂಡು ನಿಂತಿರುತ್ತದೆ, ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಡಿರ‍್ಯಾಮ್ ಅಂತ ಬರೆದಿರುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಿಂದ ಹಿಡಿದು ಮೊನ್ನೆ ಮೊನ್ನೆಯ ತನಕ ಬೀಪ್ ಲೆಕ್ಕ ಹಾಕಿ ರೋಗ ಗುರುತಿಸುತ್ತಿದ್ದರು. ಈಗ ಎಷ್ಟೋ ಬೋರ್ಡಿನ ಜೊತೆ ಆ ಪುಟ್ಟ ಸ್ಪೀಕರ್ ಕೊಡುವುದೇ ಇಲ್ಲ.

ಮದ್ದು ಎಲ್ಲರಿಗೂ ಗೊತ್ತಿರುವುದೇ. ವೈರ್ ಕಳಚಬೇಕು, ರ‍್ಯಾಮ್ ಹೊರಗೆ ತೆಗೆಯಬೇಕು, ಅದರ ಚಿನ್ನದ ಬಣ್ಣದ ಹಲ್ಲನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಬೇಕು, ಪುಡಿ ಊದದೆ ಬ್ರಷ್‌ನಲ್ಲಿ ಒರೆಸಿ, ಎರಡೂ ಬದಿ ಟಕ್ ಅನ್ನುವ ತನಕ ಒತ್ತಬೇಕು. ಊದಬಾರದು ಯಾಕೆಂದರೆ ನಮ್ಮ ಬಾಯಿಯಿಂದ ಬರುವುದೂ ತೇವವೇ, ಊರಿನಲ್ಲಿ ಇರುವುದೇ ಸಾಕು. ಹತ್ತರಲ್ಲಿ ಏಳು ಸಲ ಇಷ್ಟಕ್ಕೇ ಹುಷಾರಾಗುತ್ತದೆ. ಈ ಯಶಸ್ಸಿನಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತ ಈಗ ಅನಿಸುತ್ತದೆ.

ಯಾಕೆಂದರೆ ಈ ವರ್ಷ ರೋಗ ಬಂದದ್ದು ಮಾರ್ಚಿನಲ್ಲಿ, ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವ ಬಿಸಿಲಿನಲ್ಲಿ. ಕೆಲಸ ಮಾಡುತ್ತಿರುವಾಗಲೇ ಪಟ್ ಅಂತ ರೀಸ್ಟಾರ್ಟ್. ನೀಲಿ ಸ್ಕ್ರೀನ್ ಇಲ್ಲ, ಒಂದು ಮಾತು ಇಲ್ಲ. ಅಭ್ಯಾಸಬಲದಿಂದ ರಬ್ಬರ್ ಹಿಡಿದು ಕೂತೆ. ಮರುದಿನ ಮತ್ತೆ ಪಟ್.

ರಾತ್ರಿ ಮೆಮೊರಿ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ತಪ್ಪೂ ಇಲ್ಲ. ಬಿಸಿ ಜಾಸ್ತಿ ಆಗಿದೆಯೋ ಎಂದು ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಕೆರೆದು ಹೊಸದು ಹಾಕಿದೆ. ಹತ್ತು ಡಿಗ್ರಿ ಕಮ್ಮಿ ಆಯಿತು, ರೀಸ್ಟಾರ್ಟ್ ಕಮ್ಮಿ ಆಗಲಿಲ್ಲ. ಆ ಗಡಿಬಿಡಿಯಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಜುಮ್ ಅಂತು. "ಅರ್ತ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆಯ್ತು?" ಅಂದರು ಅಪ್ಪ, ಪೇಪರಿನ ಹಿಂದಿನಿಂದಲೇ.

ಈ ಮಾತಿನಲ್ಲಿ ಹುರುಳಿತ್ತು. ಕಂಪ್ಯೂಟರಿಗೆ ಕರೆಂಟ್ ಹದ ಮಾಡಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಒಳಗೆ ಫಿಲ್ಟರ್ ಅಂತ ಒಂದು ಉಂಟು, ಅದರಲ್ಲಿ ಕರೆಂಟ್ ಹಿಡಿದಿಡುವ ಪುಟ್ಟ ಕೆಪಾಸಿಟರ್‌ಗಳು ಚೂರೇ ಚೂರು ಕರೆಂಟನ್ನು ತಗಡಿಗೆ ಬಿಡುತ್ತವೆ. ಅರ್ತಿಂಗ್ ಸರಿ ಇದ್ದರೆ ಅದು ಸುಮ್ನೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಕೈ ಹುಡುಕುತ್ತದೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುವುದರಿಂದ ಉಪ್ಪು, ಇದ್ದಿಲು ಹಾಕಿದ ಹಳೇ ಗುಂಡಿ ಕೆಲಸ ಮಾಡುವುದಿಲ್ಲ. ಎರಡು ಕೊಡಪಾನ ನೀರು ಸುರಿದೆ, ಜುಮ್ ನಿಂತಿತು. ಅಪ್ಪ ಗೆದ್ದರು. ಕಂಪ್ಯೂಟರ್ ಮಾತ್ರ ಮರುದಿನವೂ ಪಟ್.

ಇನ್ನು ಉಳಿದದ್ದು ಎಸ್‌ಎಂಪಿಎಸ್. ಅದರ ಡಬ್ಬಿ ಬಿಚ್ಚುವ ಧೈರ್ಯ ನನಗಿಲ್ಲ, ಇರಲೂಬಾರದು, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಹೊರಗಿನಿಂದ ಮಲ್ಟಿಮೀಟರ್ ಹಿಡಿದೆ. 12 ವೋಲ್ಟಿನ ಲೈನ್ 11.4ರಿಂದ 12.6ರ ಒಳಗಿದ್ದರೆ ಪಾಸ್. ನಮ್ಮದು 12.1, ಫಸ್ಟ್ ಕ್ಲಾಸ್. ಕೊನೆಗೆ ಸ್ಕೂಟರಿನ ಮುಂದೆ ಕ್ಯಾಬಿನೆಟ್ ನಿಲ್ಲಿಸಿಕೊಂಡು ಉಡುಪಿಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಎರಡು ದಿನ ಒಂದೇ ಸಮನೆ ಓಡಿತಂತೆ. "ಏನೂ ಇಲ್ಲ ಮಾರ್ರೆ, ಕೊಂಡೋಗಿ" ಅಂದ ಹುಡುಗ ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ. ದುಡ್ಡು ತೆಗೆದುಕೊಂಡಿದ್ದರೆ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಮನೆಗೆ ತಂದು ಹಚ್ಚಿದೆ. ಸಂಜೆ ಪಟ್. ನಾನು "ಅಯ್ಯೋ ದೇವರೇ" ಎಂದು ಕೂಗಿದ್ದು ತೋಟದ ತನಕ ಕೇಳಿರಬೇಕು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ಅಲ್ಲ ಮಾರಾಯ, ನಾನು ಪಂಪು ಹಾಕಿದ ಕೂಡ್ಲೇ ದಿನಾ ನೀನು ಯಾಕೆ ಬೊಬ್ಬೆ ಹೊಡೆಯುದು?"

ನಮ್ಮಲ್ಲಿ ನಲವತ್ತು ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ಯುವುದು, ಸಂಜೆ ನೀರು. ಬೇಸಿಗೆಯಲ್ಲಿ ದಿನಾ ಆರು ಗಂಟೆಗೆ ಬಾವಿಯ ಪಂಪು ಓಡಲೇಬೇಕು. ಆದದ್ದನ್ನೆಲ್ಲ ಕಂಪ್ಯೂಟರ್ ಬರೆದಿಡುವ ಇವೆಂಟ್ ವ್ಯೂವರ್ ತೆರೆದು ನೋಡಿದೆ. ಕರ್ನಲ್-ಪವರ್, 41. ಎರಡು ವಾರದಿಂದ ಅದೇ ಸಾಲು ನೋಡಿ "ಕರೆಂಟ್ ತಪ್ಪಿದೆ ಅಂತ ಅದು ಹೇಳಿ ನಂಗೆ ಗೊತ್ತಾಗಬೇಕಾ" ಎಂದು ಮುಚ್ಚುತ್ತಿದ್ದೆ. ಪಕ್ಕದಲ್ಲೇ ಟೈಮ್ ಬರೆದಿತ್ತು. 6:04. 6:10. 6:02. 6:07. ಮಳೆ ನೆನಪಾಗಿ ರಬ್ಬರ್ ಹುಡುಕಿದವನಿಗೆ ಗಡಿಯಾರ ನೋಡಬೇಕು ಅಂತ ಹೊಳೆಯಲೇ ಇಲ್ಲ. ರಾತ್ರಿ ಮೆಮ್‌ಟೆಸ್ಟ್ ಓಡುವಾಗ ಪಂಪು ಮಲಗಿರುತ್ತದೆ, ಅಂಗಡಿಯಲ್ಲಿ ಮಲ್ಲಿಗೆ ಗಿಡವೇ ಇಲ್ಲ.

ಮೋಟಾರ್ ಎದ್ದು ನಿಲ್ಲುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಮನೆಯ ಬಲ್ಬ್ ಒಮ್ಮೆ ಕಣ್ಣು ಮಿಟುಕಿಸುತ್ತದಲ್ಲ, ಅದು ಇದೇ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು ಅಂದರೆ 20 ಮಿಲಿಸೆಕೆಂಡ್. ಒಳ್ಳೆ ಎಸ್‌ಎಂಪಿಎಸ್ ಹೆಚ್ಚುಕಮ್ಮಿ ಅಷ್ಟು ಹೊತ್ತು ಉಸಿರು ಹಿಡಿದು ಕಂಪ್ಯೂಟರನ್ನು ನಡೆಸುತ್ತದೆ. ವಯಸ್ಸಾಗಿ ಕೆಪಾಸಿಟರ್ ಸೊರಗಿದ್ದಕ್ಕೆ ಆ ದಮ್ಮು ಇರುವುದಿಲ್ಲ. ನನ್ನ ಮಲ್ಟಿಮೀಟರ್ ಕಣ್ಣು ಬಿಡುವುದರೊಳಗೆ ಎಲ್ಲ ಮುಗಿದಿರುತ್ತದೆ. ಹಾಗಾದರೆ ತಪ್ಪು ಪಂಪಿನದ್ದೋ ಎಸ್‌ಎಂಪಿಎಸ್‌ನದ್ದೋ? ನನ್ನ ಪ್ರಕಾರ ಒಂದು ಪಾಲು ನನ್ನದೂ ಉಂಟು, ಯಾಕೆಂದರೆ ಮನೆಯಲ್ಲಿ ಯುಪಿಎಸ್ ಕೂಡ ಇತ್ತು. ಬ್ಯಾಟರಿ ಸತ್ತ ಮೇಲೆ ಎರಡು ವರ್ಷದಿಂದ ಮೇಜಿನ ಅಡಿಯಲ್ಲಿ ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದೆ.

ಹೊಸ ಎಸ್‌ಎಂಪಿಎಸ್ ಹಾಕಿದೆ, ಯುಪಿಎಸ್‌ಗೆ ಬ್ಯಾಟರಿಯೂ ಬಂತು. ಪಟ್ ಅನ್ನುವುದು ನಿಂತು ಎರಡು ತಿಂಗಳಾಯಿತು. ಇನ್ನು ತೊಂದರೆ ಇಲ್ಲ ಅಂತ ಅಮ್ಮನಿಗೆ ಬಿಡಿಸಿ ಹೇಳಿದ್ದೇನೆ, ಎರಡು ಸಲ. ಆದರೂ ಆರು ಗಂಟೆಗೆ ತೋಟದಿಂದ ಕೂಗು ಬರುತ್ತದೆ: "ಪಂಪು ಹಾಕ್ತೇನೆ, ಸೇವ್ ಮಾಡು!"

ಮಾಡುತ್ತೇನೆ.