ವೃದ್ಧಾಶ್ರಮದಲ್ಲಿ ಊಟಕ್ಕೆ ಕೊರತೆಯಿಲ್ಲ, ಗಾಡಿ ಓಡಿಸಲು ದುಡ್ಡಿಲ್ಲ

ವೃದ್ಧಾಶ್ರಮಕ್ಕೆ ಏನಾದರೂ ಕೊಡಬೇಕು ಅಂತ ಅನಿಸಿದಾಗ ಯಾರಿಗಾದರೂ ಮೊದಲು ನೆನಪಾಗುವುದು ಊಟ. ಮಗನ ಹುಟ್ಟುಹಬ್ಬ, ಅಪ್ಪನ ಪುಣ್ಯತಿಥಿ, ಮನೆಯ ವಾಸ್ತುಶಾಂತಿ, ಎಲ್ಲದಕ್ಕೂ ಹೋಳಿಗೆ ಊಟ. ನಮ್ಮ ಬಾಗಲಕೋಟೆ ಮಂದಿ ಉಣಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಶ್ರಾವಣದಲ್ಲಂತೂ ಒಂದೇ ದಿನ ಎರಡು ಮನೆಯವರು ಬುತ್ತಿ ಕಟ್ಟಿಕೊಂಡು ಬಂದದ್ದೂ ಇದೆ. ಅವರೆಲ್ಲರಿಗೂ ಶರಣು ಶರಣಾರ್ಥಿ. ನಾನು ಇವತ್ತು ಕೇಳುತ್ತಿರುವುದು ಬೇರೆ. ಗಾಡಿ, ಅದಕ್ಕೆ ಡೀಸೆಲ್, ಡ್ರೈವರ್ ಸಂಬಳ.

ನಾನು ಬಿಡುವಿದ್ದಾಗ ಹೋಗಿ ಕೈಲಾದ ಕೆಲಸ ಮಾಡುವ ಆಶ್ರಮ ನವನಗರದಿಂದ ಸ್ವಲ್ಪ ಆಚೆಗಿದೆ. ನಮ್ಮ ಊರು ಹೇಗಿದೆ ಅಂತ ನಿಮಗೆ ಗೊತ್ತೇ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದಷ್ಟು ಭಾಗ ಮುಳುಗಡೆಯಾಯಿತು. ಸೆಕ್ಟರ್ ಸೆಕ್ಟರ್ ಮಾಡಿ ನವನಗರ ಕಟ್ಟಿದರು. ನಡುವೆ ವಿದ್ಯಾಗಿರಿ. ಜಿಲ್ಲಾ ಆಸ್ಪತ್ರೆ, ಡಿಸಿ ಆಫೀಸು ಎಲ್ಲ ನವನಗರದಲ್ಲಿ. ಹಿರಿಯರಿಗೆ ಗುರುತಿರುವ ಪೇಟೆ, ಗುಡಿ, ಬೀಗರ ಮನೆ ಹಳೇ ಊರಿನಲ್ಲಿ. ಬೈಕ್ ಇರುವವರಿಗೆ ಇದೇನು ದೂರ ಅಲ್ಲ. ಮೊಣಕಾಲು ಕೈಕೊಟ್ಟವರಿಗೆ ಪ್ರತಿ ಸಲವೂ ದೊಡ್ಡ ಪ್ರಯಾಣ.

ಬಸ್ ಇದೆಯಲ್ಲ ಅಂತೀರಾ? ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. 60 ದಾಟಿದ ಗಂಡಸರಿಗೂ ಶೇ. 25 ರಿಯಾಯಿತಿ ಇದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಇದೆ ಅಂತ ಎಂದಾದರೂ ಗಮನಿಸಿದ್ದೀರಾ? ಆ ಮೆಟ್ಟಿಲು ಹತ್ತಲು ಆಗದವರಿಗೆ ಪುಕ್ಕಟೆ ಟಿಕೆಟ್ ತಗೊಂಡು ಏನು ಮಾಡುವುದು?

ಇನ್ನು ಆಟೊ. ಲಕ್ವಾ ಹೊಡೆದು ಎಡಗಾಲು ಸೋತಿರುವ ಒಬ್ಬ ಆಯಿ ಇದ್ದಾರೆ. ಅವರನ್ನು ಆಟೊ ಹತ್ತಿಸುವುದನ್ನು ನೀವು ಹತ್ತಿರ ನಿಂತು ನೋಡಬೇಕು. ಮೊದಲು ಬೆನ್ನು ಮಾಡಿ ಸೀಟಿನ ಅಂಚಿಗೆ ಕೂಡಿಸಬೇಕು. ಒಬ್ಬರು ಆ ಕಡೆಯಿಂದ ಕಂಕುಳಿಗೆ ಕೈ ಕೊಟ್ಟು ಒಳಗೆ ಎಳೆದುಕೊಳ್ಳಬೇಕು. ಎಡಗಾಲು ಹೊರಗೇ ಉಳಿಯುತ್ತದೆ, ಅದನ್ನು ಕೈಯಿಂದ ಎತ್ತಿ ಒಳಗಿಡಬೇಕು. ಸೀರೆ ನೆರಿಗೆ ಕಾಲಿಗೆ ಸಿಕ್ಕಿರುತ್ತದೆ. ಗಾಲಿಕುರ್ಚಿಗೆ ಜಾಗ ಇಲ್ಲ, ಬಿಟ್ಟೇ ಹೋಗಬೇಕು. ಆಸ್ಪತ್ರೆ ಬಾಗಿಲಲ್ಲಿ ಇನ್ನೊಂದು ಗಾಲಿಕುರ್ಚಿ ಸಿಗುವ ತನಕ ಆಟೊದಲ್ಲೇ ಕಾಯಬೇಕು. ಅಷ್ಟೆಲ್ಲ ಆದ ಮೇಲೆ ಆ ಆಯಿ ಹೇಳಿದ್ದು ಇಷ್ಟೇ: "ತಮ್ಮಾ, ನನ್ನ ಸಲುವಾಗಿ ಇಷ್ಟ್ ಮಂದಿಗೆ ಯಾಕ್ ತ್ರಾಸ ಕೊಡ್ತಿ? ಮುಂದಿನ ಸಲ ಗುಳಿಗಿ ಅಷ್ಟ ತಂದ್ ಬಿಡು, ಸಾಕು."

ನನಗೆ ಹೆಚ್ಚು ಹೆದರಿಕೆ ಆಗುವುದು ಇದಕ್ಕೇ. ಗಾಡಿ ಇಲ್ಲದ ಕಡೆ ಹಿರಿಯರು ನೋವು ಹೇಳುವುದನ್ನೇ ಬಿಡುತ್ತಾರೆ. ಕಣ್ಣು ಮಂಜಾಗಿದೆ ಅಂದರೆ ಕರೆದುಕೊಂಡು ಹೋಗಬೇಕಾಗುತ್ತದೆ, ಇನ್ನೊಬ್ಬರಿಗೆ ಭಾರ, ಅದಕ್ಕೇ ಸುಮ್ನೆ ಇದ್ದುಬಿಡುತ್ತಾರೆ. ತಡೆಯಲಾಗದ ಹಂತಕ್ಕೆ ಬಂದಾಗ 108ಕ್ಕೆ ಫೋನ್ ಮಾಡುತ್ತೇವೆ. 2008ರಿಂದ ಓಡುತ್ತಿರುವ ಆ ಗಾಡಿ ಎಷ್ಟೋ ಜೀವ ಉಳಿಸಿದೆ, ನಿಜ. ಆದರೆ ಅದು ತುರ್ತಿಗೆ ಇರುವುದು. ಬಿಪಿ, ಶುಗರ್ ತಪಾಸಣೆಗೆ ಅದನ್ನು ಕರೆಯಲು ಆಗಲ್ಲ, ಕರೆಯಲೂಬಾರದು.

ಡಯಾಲಿಸಿಸ್ ನೋಡಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಯಾಲಿಸಿಸ್ ಸಿಗುತ್ತದೆ. ವಾರಕ್ಕೆ ಎರಡು ಮೂರು ಸಲ ಹೋಗಿ ಬರಬೇಕು. ಆಟೊದವರಿಗೂ ಸಂಸಾರ ಇದೆ, ಅವರು ಬಾಡಿಗೆ ಕೇಳದೆ ಇರುತ್ತಾರಾ? 2007ರ ಹಿರಿಯ ನಾಗರಿಕರ ಕಾಯ್ದೆ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಅನ್ನುತ್ತದೆ. ಆ ಸಾಲಿನ ತನಕ ಅವರನ್ನು ಮುಟ್ಟಿಸುವವರು ಯಾರು?

ಬರೀ ಆಸ್ಪತ್ರೆ ಅಲ್ಲ. ಬನದ ಹುಣ್ಣಿಮೆ ಬಂದರೆ ಬದಾಮಿಯ ಬನಶಂಕರಿ ಜಾತ್ರೆ. ಹುಟ್ಟಿದಾಗಿನಿಂದ ತೇರು ನೋಡಿದವರು ಈಗ ಮೊಬೈಲ್‌ನಲ್ಲಿ ನೋಡುತ್ತಾರೆ. ಮೊಮ್ಮಗಳ ಮದುವೆಗೆ ಕರೆ ಬಂದಿರುತ್ತದೆ, ಹೋಗಲು ದಾರಿ ಇರುವುದಿಲ್ಲ. ಮುಳುಗಡೆಯಾದ ಓಣಿಯ ಕಡೆ ಹೋಗಿ ಒಂದು ಸಲ ಹಿನ್ನೀರು ನೋಡಿಕೊಂಡು ಬರಬೇಕು ಅನ್ನುವ ಅಜ್ಜಂದಿರು ಇದ್ದಾರೆ. ಇದನ್ನು ಕೆಲವರು ಶೋಕಿ ಅನ್ನುತ್ತಾರೆ. ನಾನು ಒಪ್ಪಲ್ಲ. ನಾಲ್ಕು ಗೋಡೆ ಬಿಟ್ಟು ಹೊರಗೆ ಹೋಗುವುದು ಔಷಧದಷ್ಟೇ ಮುಖ್ಯ.

ಈಗ ದುಡ್ಡಿನ ಮಾತು. "ಹಳೇ ಓಮ್ನಿ ಇದೆ, ತಗೊಂಡ್ ಹೋಗ್ರಿ" ಅನ್ನುವವರು ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಇನ್ಶೂರೆನ್ಸ್, ಟೈರು, ಸರ್ವಿಸಿಂಗ್, ಡ್ರೈವರ್ ಯಾರ ಲೆಕ್ಕಕ್ಕೆ? ಬೇರೊಂದು ಆಶ್ರಮದಲ್ಲಿ ದಾನಿಯ ಹೆಸರು ದೊಡ್ಡದಾಗಿ ಬರೆದ ಗಾಡಿಯೊಂದು ಬೇವಿನ ಮರದ ಕೆಳಗೆ ನಿಂತದ್ದನ್ನು ನಾನೇ ಕಂಡಿದ್ದೇನೆ. ಬ್ಯಾಟರಿ ಸತ್ತಿತ್ತು, ಟೈರು ನೆಲಕ್ಕೆ ಕೂತಿದ್ದವು. ಗಾಡಿ ಕೊಟ್ಟವರು ಮೂರು ವರ್ಷ ಓಡಿಸುವ ಖರ್ಚನ್ನೂ ಕೊಡಬೇಕು. ಅಷ್ಟು ಆಗದಿದ್ದರೆ ಗಾಡಿ ಬೇಡ, ತಿಂಗಳ ಡೀಸೆಲ್ ಅಷ್ಟೇ ಕೊಡಿ. ನಮಗೆ ಅದೇ ಜಾಸ್ತಿ ಉಪಯೋಗ.

ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಗಳಿಗೆ ಬರ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ. 2ರಷ್ಟು ಹಣವನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಇದಕ್ಕೇ ಸಿಎಸ್‌ಆರ್ ಅನ್ನುವುದು. ಆ ಕೆಲಸಗಳ ಪಟ್ಟಿಯಲ್ಲಿ ವೃದ್ಧಾಶ್ರಮ, ಹಿರಿಯರ ಸೌಲಭ್ಯ ಅಂತ ಬಿಡಿಸಿಯೇ ಬರೆದಿದೆ. ಕಾರ್ಖಾನೆಯ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಿ ಅಂತಲೂ ಇದೆ. ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷ ಒಂದೇ ಯೋಜನೆ ನಡೆಸಲು ಅವಕಾಶ ಇದೆ. ಅಂದರೆ ಗಾಡಿಯ ಜೊತೆ ಅದರ ಖರ್ಚನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು.

ನಮ್ಮ ಕಡೆಯಿಂದಲೂ ಕಾಗದಪತ್ರ ಸರಿ ಇರಬೇಕು. ಟ್ರಸ್ಟಿಗೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗೆ ತೆರಿಗೆ ವಿನಾಯಿತಿ ಕೊಡುವ 80ಜಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ, 2021ರ ಏಪ್ರಿಲ್‌ನಿಂದ ಕಂಪನಿಗಳ ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಕೂಡ. ಗಾಡಿ ಟ್ರಸ್ಟಿನ ಹೆಸರಿನಲ್ಲೇ ಇರಬೇಕು, ಅಧ್ಯಕ್ಷರ ಹೆಸರಿನಲ್ಲಿ ಅಲ್ಲ. ಸಣ್ಣ ಆಶ್ರಮಗಳು ಸೋಲುವುದು ಇಲ್ಲೇ. ಫಾರ್ಮ್ ತುಂಬಿ ಸಹಿ ಮಾಡಿಕೊಡುವ ಒಬ್ಬ ಸಿಎ ಸಿಕ್ಕರೆ ನೂರು ಹೋಳಿಗೆ ಊಟಕ್ಕಿಂತ ದೊಡ್ಡ ದಾನ.

ವೈಯಕ್ತಿಕವಾಗಿ ಕೊಡುವವರು 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ನಗದು ಕೊಡಬೇಡಿ, 80ಜಿ ವಿನಾಯಿತಿ ಸಿಗಲ್ಲ. ಬ್ಯಾಂಕಿನಿಂದಲೇ ಕಳಿಸಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಹೇಗೂ ಇಲ್ಲ, ಅದು ಗೊತ್ತಿದ್ದೇ ಕೊಡಿ.

ಜಮಖಂಡಿ, ಮುಧೋಳ, ಲೋಕಾಪುರ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯರೇ, ನಿಮ್ಮಲ್ಲಿ ಸಿಎಸ್‌ಆರ್ ನೋಡಿಕೊಳ್ಳುವವರು ಯಾರು ಅಂತ ಇನ್‌ಬಾಕ್ಸ್‌ಗೆ ಬರೆಯಿರಿ, ನಾನೇ ಬಂದು ಮಾತಾಡುತ್ತೇನೆ. ವಯಸ್ಸಾದವರ ಜೊತೆ ತಾಳ್ಮೆಯಿಂದ ಇರುವ ಡ್ರೈವರ್ ಯಾರಾದರೂ ಗೊತ್ತಿದ್ದರೆ ಅದನ್ನೂ ಹೇಳಿ. ಅವರು ಎಷ್ಟು ಸಂಬಳ ಕೇಳುತ್ತಾರೆ ಅಂತ ಗೊತ್ತಾದರೆ ಅರ್ಜಿಯಲ್ಲಿ ಲೆಕ್ಕ ಸರಿಯಾಗಿ ಬರೆಯಬಹುದು.