ಹಿನ್ನೀರಿನ ದಂಡೆಯಲ್ಲೊಬ್ಬ ಕಡಲ ಪಾಲುದಾರ

ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕುವುದು ಹೇಗೆ ಅಂತ ಸರಕಾರ ನನ್ನನ್ನು ಕೇಳಿದೆ. ಹೌದು, ನನ್ನನ್ನೇ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಕಾರವಾರದ ಕಡಲು ಇಲ್ಲಿಂದ 250 ಕಿಲೋಮೀಟರಿಗೂ ಜಾಸ್ತಿ ದೂರ. ನಮ್ಮ ಪಾಲಿನ ಸಮುದ್ರ ಅಂದರೆ ಆಲಮಟ್ಟಿಯ ಹಿನ್ನೀರು. ಅಲ್ಲಿ ಮೀನಿಗಿಂತ ಮೊದಲು ನೀರಿಗಿಳಿದದ್ದು ನಮ್ಮ ಮನೆಗಳು.

"ಸಾರ್ವಜನಿಕರು 30 ದಿನದೊಳಗೆ ಅಭಿಪ್ರಾಯ ತಿಳಿಸಿ" ಅಂತ ಕರಡು ನೀತಿಯೊಂದು ಮೊಬೈಲಿಗೆ ಬಂತು. ಮುಳುಗಡೆ ಊರಿನವರಿಗೆ ಇಂಥ ಕಾಗದ ಹೊಸದಲ್ಲ. ನಾವು ಆಕ್ಷೇಪಣೆ ಸಲ್ಲಿಸುತ್ತೇವೆ, ಆಮೇಲೆ ನೀರು ಬರುತ್ತದೆ. ಅದೊಂದು ಪದ್ಧತಿ.

ಕರಡು ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಲೆ ಹೆಣೆಯುವ ಕೈಗೆ ಪಿಡಿಎಫ್! ಇದಕ್ಕೂ ಪರಂಪರೆ ಇದೆ ಬಿಡಿ. 2020ರಲ್ಲಿ ಯೋಜನೆಗಳ ಪರಿಸರ ಪರಿಣಾಮ ಅಂದಾಜು ಮಾಡುವ ನಿಯಮಗಳ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಷ್ಟೇ ಬಿಟ್ಟಿದ್ದರು. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಸರಕಾರ ಅನುವಾದಕರನ್ನು ಹುಡುಕಲಿಲ್ಲ. ವಕೀಲರನ್ನು ಹುಡುಕಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು.

ಇನ್ನು ಮುಹೂರ್ತ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೀನುಗಾರರು ದಡದಲ್ಲೇ ಇರುತ್ತಾರೆ. ಚಾಪೆ ಹಾಸಿ, ಚಹಾ ಕೊಟ್ಟು ಕೇಳಬಹುದಿತ್ತು. ಕರಡು ಬಂದದ್ದು ಆಗಸ್ಟಿನಲ್ಲಿ. ಬೋಟು ಕಡಲಿಗೆ, ಕರಡು ದಡಕ್ಕೆ.

ನನಗೆ ಇಂಗ್ಲಿಷ್ ಬರುತ್ತದೆ, ಇಮೇಲ್ ಇದೆ, ಮಧ್ಯಾಹ್ನ ಖಾಲಿ ಇರುತ್ತೇನೆ. ಇಷ್ಟು ಅರ್ಹತೆ ಸಾಕು ಅಂತ ಓದಲು ಕೂತೆ. ಪಂಜರದಲ್ಲಿ ಸಾಕುವ ಸೀಬಾಸ್, ಕೋಬಿಯಾ ಎರಡೂ ಮಾಂಸಾಹಾರಿಗಳು. ಅವುಗಳ ಹೊಟ್ಟೆಗೆ ತಾರ್ಲೆಯಂಥ ಅಗ್ಗದ ಮೀನು ಹಾಕುವುದುಂಟು. ಅಂದರೆ ಮೀನು ಹಾಕಿ ಮೀನು ತೆಗೆಯೋದು. ಜೋಳ ಬಿತ್ತಿ ಗೋಡಂಬಿ ಬೆಳೆದಂತೆ, ಆದರೆ ಆ ಜೋಳ ಯಾರದೋ ಮನೆಯ ರೊಟ್ಟಿಯದು. ತಾರ್ಲೆ ಸಾರು ಉಣ್ಣುತ್ತಿದ್ದವರು ಏನು ಉಣ್ಣಬೇಕು? ಪಂಜರ ನಿಂತ ಜಾಗದಲ್ಲಿ ಬಲೆ ಬೀಸುತ್ತಿದ್ದವರು ಎಲ್ಲಿಗೆ ಹೋಗಬೇಕು? ಎರಡನ್ನೂ ಬರೆಯೋಣ ಅಂದುಕೊಂಡೆ.

ಬರೆಯಲು ಜಾಗವೇ ಇರಲಿಲ್ಲ. ನಮೂನೆಯಲ್ಲಿ ಇದ್ದದ್ದು ಮೂರೇ ಕಾಲಂ: ಪ್ಯಾರಾ ಸಂಖ್ಯೆ, ಈಗಿರುವ ಪದ, ಇರಬೇಕಾದ ಪದ. ಪ್ರಶ್ನೆಗೆ ಪ್ಯಾರಾ ಸಂಖ್ಯೆ ಎಲ್ಲಿಂದ ತರೋದು? ಸುಮ್ನೆ ಕೂರಲಾಗದೆ, ಒಂದು ಕಡೆ 'ಮೇ' (ಮಾಡಬಹುದು) ಇದ್ದಲ್ಲಿ 'ಶಲ್' (ಮಾಡಲೇಬೇಕು) ಹಾಕಿ ಅಂತ ಬರೆದು ಕಳಿಸಿದೆ. ಹತ್ತೇ ಸೆಕೆಂಡಿಗೆ ಉತ್ತರ! "ಪ್ರಿಯ ಪಾಲುದಾರರೇ, ನಿಮ್ಮ ಅಮೂಲ್ಯ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ." ಅಷ್ಟು ಬೇಗ ನನ್ನ ಮುಳುಗಡೆ ಪರಿಹಾರದ ಅರ್ಜಿಗೆ ಹಿಂಬರಹ ಕೂಡ ಬಂದಿರಲಿಲ್ಲ.

ಸಂಜೆ ಚಹಾದ ಅಂಗಡಿಯಲ್ಲಿ ಮೊಬೈಲ್ ತೋರಿಸಿದೆ. ಅಂಗಡಿಯವನು ಎರಡೆರಡು ಸಲ ಓದಿಸಿಕೊಂಡು ಕೇಳಿದ: "ಸಮುದ್ರದಾಗ ಪಾಲು ಬಂದೈತಿ ಅಂದ್ರ, ಪಹಣಿ ಉತಾರದಾಗ ಹೆಸರು ಯಾವಾಗ ಏರಸ್ತಾರ್ರೀ?"